ಮುಚ್ಚಳ ತೆಗೆಯುವ ಮುನ್ನ ಬೈಯಬೇಕು

ಕಳೆದ ವಾರ ಹರಪನಹಳ್ಳಿಯ ತರಕಾರಿ ಸಂತೆಯಲ್ಲಿ ತೊಂಡೆಕಾಯಿ ಆರಿಸುತ್ತಿದ್ದೆ. ಚಿಲ್ಲರೆಗೆಂದು ಕೈಚೀಲಕ್ಕೆ ಕೈ ಹಾಕಿದರೆ, ತಳದಲ್ಲಿ ಬಹಳ ದಿನಗಳಿಂದ ಬಿದ್ದಿದ್ದ ಒಂದು ಬಿಲ್ಲೆ ಬೆರಳಿಗೆ ಸಿಕ್ಕಿತು. ಅಂಗೈಯಗಲದ ಬಿಳಿ ಪ್ಲಾಸ್ಟಿಕ್ಕಿನ ಬಿಲ್ಲೆ. ಅದರಲ್ಲಿ ಮೂರು ತೂತು: ಒಂದು ಸಣ್ಣದು, ಒಂದು ಅದಕ್ಕಿಂತ ದೊಡ್ಡದು, ಇನ್ನೊಂದು ಅದಕ್ಕೂ ದೊಡ್ಡದು. ಏನು ಮಾಡುತ್ತಿದ್ದೇನೆಂಬ ಎಚ್ಚರವಿಲ್ಲದೆ ಒಂದು ತೊಂಡೆಕಾಯಿ ಎತ್ತಿ ಸಣ್ಣ ತೂತಿನಲ್ಲಿ ತೂರಿಸಿದೆ. ಹೋಯಿತು. ಇನ್ನೊಂದನ್ನು ತೂರಿಸಿದೆ. ಅದು ಸಿಕ್ಕಿಕೊಂಡಿತು.

ಅಂಗಡಿಯ ಹೆಣ್ಣುಮಗಳು ತಕ್ಕಡಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. "ಏನ್ರಿ ಮೇಡಮ್, ತೊಂಡೆಕಾಯಿ ತಗಳ್ಳಾಕೆ ಬಂದೀರೋ, ಅದಕ್ಕೆ ಬಳೆ ತೊಡಸಾಕೆ ಬಂದೀರೋ?"

ನಗುತ್ತಾ ಬಿಲ್ಲೆಯನ್ನು ಒಳಗೆ ಹಾಕಿದೆ. ಅಷ್ಟರಲ್ಲಿ ಪಕ್ಕದ ಗಾಡಿಯವನು ಗೋಲಿಸೋಡಾ ಒಡೆದ. ನಾನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ತೊಂಡೆಕಾಯಿ ಗುಡ್ಡೆಯ ಹಿಂದೆ ಕುಕ್ಕರಿಸಿದೆ. ಎದ್ದು ನೋಡಿದರೆ ಸಂತೆಗೆ ಸಂತೆಯೇ ನನ್ನ ಕಡೆ ತಿರುಗಿತ್ತು. ಹರಪನಹಳ್ಳಿಯ ಜೂನಿಯರ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವರು ಸೋಡಾ ಶಬ್ದಕ್ಕೆ ಹೀಗೆ ಅವಿತುಕೊಳ್ಳಬಾರದು, ನಿಜ. ಆದರೆ ನಾನು ಕಂಡದ್ದನ್ನು ನೀವೂ ಕಂಡಿದ್ದರೆ ನನ್ನ ಪಕ್ಕದಲ್ಲೇ ಕುಕ್ಕರಿಸುತ್ತಿದ್ದಿರಿ.

ಆ ಬಿಲ್ಲೆ ತಂಬ್ರಹಳ್ಳಿಯದು. ಅಲ್ಲಿ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ ಗಂಗವ್ವ ಇದ್ದಾಳೆ. ಕೊಳವೆಬಾವಿಯ ಕೆಳಗೆ ಸಣ್ಣದೊಂದು ಹೊಲ, ಮಣ್ಣಿನ ಮಾಳಿಗೆಯ ಮನೆ, ಅದಕ್ಕೆ ಅಂಟಿಕೊಂಡೇ ಗೆಳತಿ ಬಸಮ್ಮನ ಮನೆ. ಆ ಊರಿನವರು 'ಕಂಪನಿ ಸೌತಿಕಾಯಿ' ಎಂದು ಕರೆಯುವ ಒಂದು ಬೆಳೆ ಇದೆ. ಬೆರಳುದ್ದದ ಮಿಡಿಸೌತೆ. ಬೀಜ ಕೊಡುವುದು ಕಂಪನಿ, ಗೊಬ್ಬರ ಕೊಡುವುದು ಕಂಪನಿ, ದಿನಾ ಸಂಜೆ ಟೆಂಪೊ ತಂದು ಕಾಯಿ ಒಯ್ಯುವುದೂ ಕಂಪನಿ. ಅದು ಉಪ್ಪುನೀರಿನಲ್ಲಿ ಮುಳುಗಿ, ಡ್ರಮ್ಮು ಸೇರಿ, ಹಡಗು ಹತ್ತಿ, ನಾವು ನಕಾಶೆಯಲ್ಲಿ ಮಾತ್ರ ಕಂಡಿರುವ ದೇಶಗಳ ಊಟದ ಮೇಜಿಗೆ ಹೋಗುತ್ತದೆ. ಬೆಳೆದವರು ಯಾರೂ ತಿನ್ನುವುದಿಲ್ಲ. ಒಂದು ಸಾರಿ ಕಚ್ಚಿ ನೋಡಿದ ಚಿಗವ್ವನ ತೀರ್ಮಾನ ಇಷ್ಟೇ: "ಇದರಾಗ ರುಚಿ ಅನ್ನೋದನ್ನ ದೇವರು ಹಾಕಾದು ಮರತಾನ."

ಇದರ ಇನ್ನೊಂದು ವಿಚಿತ್ರ, ಕಾಯಿ ಸಣ್ಣದಾದಷ್ಟೂ ಬೆಲೆ ಹೆಚ್ಚು. ಕುಂಬಳ ದೊಡ್ಡದಾದರೆ ಓಣಿಗೆಲ್ಲ ತೋರಿಸಿ ಬರುವ ಜನಕ್ಕೆ ಇದು ತಲೆಕೆಳಗಾದ ಲೋಕ. ಬೆಳಿಗ್ಗೆ ಬಿಟ್ಟ ಕಾಯಿ ಸಂಜೆಗೆ ಉಬ್ಬಿರುತ್ತದೆ, ಮರುದಿನ ಅದನ್ನು ಕೇಳುವವರಿಲ್ಲ. ಹಾಗಾಗಿ ದಿನಕ್ಕೆರಡು ಹೊತ್ತು ಬಿಡಿಸಬೇಕು. ಕಂಪನಿ ಕೊಟ್ಟ ಆ ಮೂರು ತೂತಿನ ಬಿಲ್ಲೆಗೆ ದಾರ ಪೋಣಿಸಿ ಹೆಂಗಸರೆಲ್ಲ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಸಂಶಯ ಬಂದ ಕಾಯಿಯನ್ನು ತೂರಿಸಿ ನೋಡುವುದು. ಚಿಗವ್ವನ ಕೊರಳಲ್ಲಿ ತಾಳಿ, ಗುಂಡಿನ ಸರ, ಬಿಲ್ಲೆ ಮೂರೂ ಒಟ್ಟಿಗೆ ತೂಗುತ್ತಿದ್ದವು.

ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಕಡ್ಡಿ ನೆಟ್ಟು, ದಾರ ಕಟ್ಟಿ ಬಳ್ಳಿ ಹಬ್ಬಿಸಿದ ಸಾಲು ಹಸಿರು ಗೋಡೆಯ ಹಾಗೆ ನಿಂತಿರುತ್ತದೆ. ಎಲೆಯ ಮರೆಯ ಕಾಯಿ ಈ ಕಡೆಯವಳಿಗೆ ಕಾಣುವುದಿಲ್ಲ, ಆ ಕಡೆಯವಳಿಗೆ ಕಾಣುತ್ತದೆ. ಹಾಗಾಗಿ ಸಾಲಿಗಿಬ್ಬರು, ಎದುರುಬದುರು. ಚಿಗವ್ವನ ಎದುರಿಗೆ ಯಾವಾಗಲೂ ಬಸಮ್ಮ. ಇಬ್ಬರದೂ ಮುಯ್ಯಾಳಿನ ಲೆಕ್ಕ, ಕೂಲಿ ಇಲ್ಲ: ಎರಡು ಹೊತ್ತೂ ಮೊದಲು ಇವಳ ಹೊಲದಲ್ಲಿ ಅವಳು, ಆಮೇಲೆ ಅವಳ ಹೊಲದಲ್ಲಿ ಇವಳು. ಬಳ್ಳಿಯ ನಡುವೆ ಮುಖ ಕಾಣದು, ಬಾಯಿ ಮಾತ್ರ ಕೇಳುತ್ತದೆ. ರಜೆಗೆ ಹೋದಾಗ ನಾನು ಬದುವಿನ ಮೇಲೆ ಕುಳಿತು ಕೇಳುತ್ತಿದ್ದೆ.

"ಲೇ ಗಂಗಿ, ನಿನ್ನ ಕಡಿ ಒಂದ್ ಬಿಟ್ಟೀ ನೋಡು, ಕಣ್ಣು ಯಾವ ಸಂತಿಗೆ ಹೋಗ್ಯಾವು?"

"ನಿನ್ನ ಮಾರಿ ಕಾಣದಂಗ ಮುಚ್ಚಿಟ್ಟೀನಿ ಕಣ್ಣ, ಪುಣ್ಯ ಮಾಡೀನಿ."

ಬಸಮ್ಮನ ತವರು ಹಡಗಲಿ ಕಡೆ. ಮದುವೆಯಾಗಿ ಬರುವಾಗ ತವರಿನ ಮಲ್ಲಿಗೆ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದು ತನ್ನ ಹೊಲದ ಬಾವಿಯ ಪಕ್ಕ ನೆಟ್ಟಿದ್ದಳು. ಚಿಗವ್ವನ ಸೌತೆಯ ಸೊಗಸು ನೋಡಿ, ಅದಕ್ಕಿಂತ ಹೆಚ್ಚಾಗಿ ಚಿಗವ್ವನ ವರ್ಣನೆ ಕೇಳಿ ಕೇಳಿ, ಆ ವರ್ಷ ಮಲ್ಲಿಗೆಯನ್ನು ಕಿತ್ತು ಅಲ್ಲಿಯೂ ಕಂಪನಿ ಸೌತೆ ಹಾಕಿದಳು.

ಬಳ್ಳಿ ಹೂ ಬಿಟ್ಟು ಮಿಡಿ ಕಚ್ಚುವ ಹೊತ್ತಿಗೆ ಸರಿಯಾಗಿ ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋಯಿತು.

ದೂರದ ದೊಡ್ಡವರ ತೀರ್ಮಾನ ನಮ್ಮ ಸೀಮೆಗೆ ಬಂದು ಮುಟ್ಟುವುದು ಹೊಸತೇನಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಮುಂದಿನ ಸರಳಿನ ಮೇಲೆ ಕುಳಿತು ಕೊಟ್ಟೂರಿನ ಎಣ್ಣೆ ಮಿಲ್ಲಿಗೆ ಹೋಗುತ್ತಿದ್ದೆ. ಓಣಿಯ ತಿರುವಿನಲ್ಲೇ ಶೇಂಗಾ ಹುರಿದ ಘಮ ಮೂಗಿಗೆ ಬಡಿಯುತ್ತಿತ್ತು. ಮಿಲ್ಲಿನವರು ಬಿಸಿ ಬಿಸಿ ಹಿಂಡಿಯ ಚೂರು ಕೈಗೆ ಕೊಡುತ್ತಿದ್ದರು. ಎಮ್ಮೆಗೆಂದು ತಂದದ್ದರಲ್ಲಿ ಅರ್ಧ ನನ್ನ ಹೊಟ್ಟೆಗೇ ಹೋಗುತ್ತಿತ್ತು. ಆಮೇಲೊಂದು ವರ್ಷ ಮಿಲ್ಲಿನ ಬೆಲ್ಟಿನ ಸದ್ದು ನಿಂತಿತು. ಅವ್ವ ಕರಿದ ಹಪ್ಪಳಕ್ಕೆ ವಾಸನೆಯೇ ಇಲ್ಲದಾಯಿತು. ಹಡಗಿನಲ್ಲಿ ಬರುವ ತಾಳೆ ಎಣ್ಣೆಗೆ ದೆಹಲಿಯಲ್ಲಿ ಬಾಗಿಲು ತೆರೆದರು ಎಂಬುದನ್ನು ನಾನು ಓದಿದ್ದು ಬಿ.ಎ.ಯಲ್ಲಿ. ಪಾಠ ಓದುವಾಗ ಮೂಗಿಗೆ ಹಿಂಡಿಯ ವಾಸನೆ ಬಂದು ಹಸಿವಾಯಿತು. ಆಮದು ನೀತಿ ಓದಿ ಹಸಿವಾದ ವಿದ್ಯಾರ್ಥಿನಿ ಆ ಕಾಲೇಜಿನಲ್ಲಿ ನಾನೊಬ್ಬಳೇ ಇರಬೇಕು.

ಎಲ್ಲಿದ್ದೆ? ಯುದ್ಧ. ಕಂಪನಿಯ ಹುಡುಗ ಬೈಕ್ ನಿಲ್ಲಿಸಿ, ಇಳಿಯದೆಯೇ ಹೇಳಿದ: "ರಷ್ಯಾಕ್ಕ ಹೋಗೋ ಕಂಟೇನರ್ ಎಲ್ಲ ಬಂದರಿನಾಗ ನಿಂತಾವ್ರಿ. ಮುಂದಿನ ಮಾತು ಬರೋತನ ಕಾಯಿ ಎತ್ತಾಂಗಿಲ್ಲ."

ಚಿಗವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳಂತೆ: "ಜಗಳ ಅವರದು. ನಮ್ಮ ಸೌತಿಕಾಯಿ ಯಾರಿಗೆ ಏನ್ ಅಂದಾವು?"

ಯುದ್ಧ ನಡೆದಿದೆ ಎಂದು ಬಳ್ಳಿಗೆ ಯಾರೂ ಹೇಳಿರಲಿಲ್ಲ. ಅದು ಕಾಯಿ ಬಿಡುತ್ತಲೇ ಹೋಯಿತು. ಓಣಿಯಲ್ಲಿ ಎಲ್ಲರ ಮನೆಯಲ್ಲೂ ಸೌತೆ ಪಲ್ಯ, ಸೌತೆ ಹುಳಿ, ಸೌತೆ ಪಚ್ಚಡಿ. ಯಾರೋ ಬಜ್ಜಿಯನ್ನೂ ಕರಿದರು. ಅದು ಎಣ್ಣೆಯಲ್ಲಿ ಬುಸುಗುಟ್ಟಿದ್ದು ಬಿಟ್ಟರೆ ಬೇರೆ ಪ್ರಯೋಜನವಾಗಲಿಲ್ಲ. ಎಮ್ಮೆಗಳು ಮೊದಲು ಖುಷಿಪಟ್ಟವು, ಆಮೇಲೆ ಸೌತೆ ತುಂಬಿದ ಪುಟ್ಟಿ ಕಂಡರೆ ಮುಖ ತಿರುಗಿಸತೊಡಗಿದವು. ಬಸಮ್ಮನ ಗಂಡ ತಿಪ್ಪಣ್ಣ ಮಾತ್ರ ತಟ್ಟೆ ಹಿಡಿದು ಟೀವಿಯ ಮುಂದೆ ಕುಳಿತು, ಎರಡೂ ಸೈನ್ಯಗಳು ಎಲ್ಲಿಗೆ ಬಂದವು ಎಂಬುದನ್ನು ಓಣಿಗೆ ಕೇಳುವಂತೆ ವರದಿ ಮಾಡುತ್ತಿದ್ದ.

ಆಗ ಹತ್ತಿಕೊಂಡಿತು, ಗೆಳತಿಯರ ನಡುವೆ.

"ನಿನ್ನ ಮಾತ ಕೇಳಿ ತವರು ಮಲ್ಲಿಗಿ ಕಿತ್ತಿದ್ನಲ್ಲಲೇ! ಮಾತಾಡಿ ಮಾತಾಡಿ ಕೀಳಿಸಿದಿ."

"ನಾ ಎಲ್ಲಿ ಕಿತ್ತೀನಿ? ಗುದ್ಲಿ ಇದ್ದಿದ್ದು ನಿನ್ನ ಕೈಯಾಗ."

"ಗುದ್ಲಿ ಕೊಟ್ಟಾಕಿ ಯಾರು?"

ಗುದ್ದಲಿ ಚಿಗವ್ವನದೇ ಆಗಿತ್ತು. ಮರುದಿನದಿಂದ ಬಸಮ್ಮ ಮುಯ್ಯಾಳಿಗೆ ಬರಲಿಲ್ಲ. ಮಾತು ನಿಂತಿತು. ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಇದ್ದುಕೊಂಡು ಮಾತು ಬಿಡುವುದು ಬಹಳ ಕಷ್ಟದ ಕೆಲಸ. ಆಚೆ ಕೆಮ್ಮಿದರೆ ಈಚೆ ಕಷಾಯದ ನೆನಪಾಗುತ್ತದೆ.

ಆಮೇಲೊಂದು ಶನಿವಾರ ನಾನು ಹೋದಾಗ ಚಿಗವ್ವ ಒಬ್ಬಳೇ ಸಾಲು ಹಿಡಿದಿದ್ದಳು. ಕೊಳ್ಳುವವರಿಲ್ಲದಿದ್ದರೂ ಬಿಡಿಸದಿದ್ದರೆ ಬಳ್ಳಿ ಸೊರಗುತ್ತದೆ ಎಂದು ಬಿಡಿಸುತ್ತಿದ್ದಳು. ನಾನು ಸಾಲಿನ ಆಚೆ ಬದಿಗೆ ಹೋಗಿ ನೋಡಿದೆ. ಅಲ್ಲಿ ಮೊಳದುದ್ದದ ಸೌತೆಗಳು ಹಳದಿ ತಿರುಗಿ ತೂಗುತ್ತಿದ್ದವು.

"ಚಿಗವ್ವಾ, ಈ ಕಡಿ ಎಲ್ಲ ಬಲಿತಾವು."

"ಗೊತ್ತೈತೆವ್ವ," ಎಂದಳು. "ಆ ಕಡಿ ನೋಡಾಕಿ ಇಲ್ಲಲ್ಲ." ಕೊರಳಿನ ಬಿಲ್ಲೆ ತೆಗೆದು ನನ್ನ ಕೈಗೆ ಕೊಟ್ಟಳು. "ತಗೋ, ಇನ್ನ ಇದರ ಕೆಲಸ ಏನೈತಿ."

ಕಾಯಿಯ ಚಿಂತೆ ಆಗಲೇ ಅವಳಿಂದ ದೂರವಾಗಿತ್ತು ಎಂದು ನನಗೆ ಅನ್ನಿಸಿದ್ದು ಆಗ. ಅವಳಿಗೆ ಬೇಕಾಗಿದ್ದದ್ದು ಬಸಮ್ಮ. ಮೊದಲ ಮಾತು ಆಡುವುದು ಹೇಗೆ ಎಂಬುದೇ ತೊಡಕು. ಅದಕ್ಕೂ ಅವಳು ಒಂದು ದಾರಿ ಹುಡುಕಿದ್ದಳು: ಉಪ್ಪಿನಕಾಯಿ. ನಮ್ಮ ಕಡೆ ಉಪ್ಪಿನಕಾಯಿ ಹಾಕಿದವರು ಮೊದಲ ಬಟ್ಟಲನ್ನು ಪಕ್ಕದ ಮನೆಗೆ ಕೊಡುತ್ತಾರೆ. ಜಗಳವಿದ್ದರೂ ಆ ಬಟ್ಟಲನ್ನು ಯಾರೂ ಒಲ್ಲೆ ಅನ್ನುವುದಿಲ್ಲ. ಬಟ್ಟಲು ಒಳಗೆ ಹೋದರೆ ಮಾತೂ ಒಳಗೆ ಹೋಗುತ್ತದೆ.

ಪರದೇಶದವರು ಈ ಕಾಯಿಯನ್ನು ಉಪ್ಪುನೀರಿನಲ್ಲಿ ಹಾಕಿಡುತ್ತಾರಂತೆ ಎಂದು ಅವಳು ಕೇಳಿದ್ದಳು. ಅವರಿಗೆ ಬರುವುದು ತನಗೆ ಬಾರದೇ? ಆದರೆ ಜಾಡಿಗಳು ಸಣ್ಣವು, ಕಾಯಿ ರಾಶಿ. ಗೊಬ್ಬರದ ಷೆಡ್ಡಿನಲ್ಲಿ ಹೊಸದೊಂದು ನೀಲಿ ಡ್ರಮ್ಮಿತ್ತು, ಮುಚ್ಚಳದ ಸುತ್ತ ಕಬ್ಬಿಣದ ಪಟ್ಟಿ, ಬಿಗಿ ಮಾಡಲು ಒಂದು ಕೊಂಡಿ. ತೊಳೆದು ಒಣಗಿಸಿ, ಕಾಯಿ ತುಂಬಿ, ಕುದಿಸಿ ಆರಿಸಿದ ಉಪ್ಪುನೀರು, ಸಾಸಿವೆ, ಬೆಳ್ಳುಳ್ಳಿ, ಅರಿಶಿನ, ಖಾರದಪುಡಿ ಎಲ್ಲ ಹಾಕಿದಳು.

ಇನ್ನು ಅವಳ ಅತ್ತೆ ಹಾಕಿಕೊಟ್ಟ ನೇಮ. ಹಾಕಿದ ಉಪ್ಪಿನಕಾಯಿಗೆ ಗಾಳಿ ತಾಕಬಾರದು, ಕಂಡವರ ಕೈ ತಾಕಬಾರದು, ಬಿಸಿಲು ಮಾತ್ರ ಚೆನ್ನಾಗಿ ತಾಕಬೇಕು. ಮಾವಿನಕಾಯಿಯ ಜಾಡಿಗಾದರೆ ಬಾಯಿಗೆ ಬಿಳಿ ಬಟ್ಟೆ ಬಿಗಿದು ಮಾಳಿಗೆಯ ಮೇಲೆ ಇಡುತ್ತಿದ್ದರು. ಡ್ರಮ್ಮಿಗೆ ಬಟ್ಟೆಗಿಂತ ಒಳ್ಳೆಯದೇ ಇದೆಯಲ್ಲ! ಕೊಂಡಿ ಬಿಗಿದಳು. ಖಾಲಿ ಡ್ರಮ್ಮನ್ನು ಮೊದಲೇ ಮಾಳಿಗೆಗೆ ಏರಿಸಿ ಅಲ್ಲಿಯೇ ತುಂಬಿದ್ದರಿಂದ ಹೊತ್ತು ತಿರುಗುವ ಕಷ್ಟವೂ ಇರಲಿಲ್ಲ. ಬೇಸಿಗೆಯ ಬಿಸಿಲು. ಕುಂಬಾರನ ಆವಿಗೆಯ ಹಾಗೆ ಕಾಯುವ ನಮ್ಮ ಸೀಮೆಯ ಮಾಳಿಗೆ. ಅತ್ತೆಯ ನೇಮಕ್ಕೆ ಒಂದು ಕೂದಲಿನಷ್ಟೂ ಭಂಗ ಬರಲಿಲ್ಲ. ಹುಳಿಯೇರುವ ಕಾಯಿ ಗಾಳಿ ಬಿಡುತ್ತದೆ, ಬಟ್ಟೆ ಉಸಿರಾಡುತ್ತದೆ, ಕಬ್ಬಿಣ ಉಸಿರಾಡುವುದಿಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲೂ ಇಲ್ಲ.

ಮುಂದೊಂದು ಭಾನುವಾರ ಮಧ್ಯಾಹ್ನ ನಾನೂ ಚಿಗವ್ವನೂ ಮಾಳಿಗೆ ಹತ್ತಿದೆವು. ಕೈಯಲ್ಲಿ ನಾನು ಬಸಮ್ಮನ ಮನೆಗೆ ಕೊಡಬೇಕಾದ ಸ್ಟೀಲಿನ ಬಟ್ಟಲು ಹಿಡಿದಿದ್ದೆ. ಚಿಗವ್ವ ಹೊಸ ಕುಪ್ಪಸ ಹಾಕಿಕೊಂಡಿದ್ದಳು. ಡ್ರಮ್ಮಿನ ಮುಚ್ಚಳ ಉಬ್ಬಿ ನಿಂತಿತ್ತು.

"ನೋಡಿದೇನು, ತುಂಬಿದ ಬಸುರಿ ಹಂಗ ಅದಾಳ!" ಎಂದು ಚಿಗವ್ವ ಹಿಗ್ಗಿದಳು. ಕಿವಿ ಇಟ್ಟು ಕೇಳಿದಳು. "ಒಳಗ ಏನೋ ಗುಸುಗುಸು ಮಾತಾಡಾಕತ್ತಾವು."

ಕೊಂಡಿ ಜಗ್ಗಿದಳು. ಬರಲಿಲ್ಲ. ಒಂದು ಗುಂಡುಕಲ್ಲು ತೆಗೆದುಕೊಂಡು, ವಾಸನೆ ಹಿಡಿಯಲು ಮುಖವನ್ನು ಸರಿಯಾಗಿ ಮುಚ್ಚಳದ ಮೇಲೆ ಬಗ್ಗಿಸಿ, ಕಲ್ಲೆತ್ತಿದಳು.

ಈಗ ಹೇಳುವುದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೋ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಾಗ, ಉತ್ತರಪತ್ರಿಕೆ ತಿದ್ದುವಾಗ, ಹಾಲು ಕಾಯಿಸುವಾಗ. ಚಿಗವ್ವನ ಮೂಗಿನ ನತ್ತು ಬಿಸಿಲಿಗೆ ಹೊಳೆಯಿತು. ಕಲ್ಲು ಮೇಲೆ ಹೋಯಿತು. ಕೆಳಗಿನ ಅಂಗಳದಿಂದ ಬಸಮ್ಮನ ಗಂಟಲು ಬಂತು:

"ಏ ಗಂಗೀ!"

ಎಷ್ಟೋ ದಿನಗಳ ಮೇಲೆ ಕೇಳಿದ ಕೂಗು. ಚಿಗವ್ವ "ಆಂ?" ಎಂದು ನೆಟ್ಟಗಾಗಿ ಅಂಗಳದ ಕಡೆ ತಿರುಗಿದಳು. ಎತ್ತಿದ ಕೈ ಮಾತ್ರ ತನ್ನ ಕೆಲಸ ಮರೆಯದೆ ಕಲ್ಲನ್ನು ಕೊಂಡಿಯ ಮೇಲೆ ಬಿಟ್ಟಿತು.

ಸದ್ದನ್ನು ನಾನು ಕೇಳಿದೆನೋ ಇಲ್ಲವೋ ಗೊತ್ತಿಲ್ಲ. ಅವಳ ಮುಖ ಇದ್ದ ಜಾಗದಿಂದ ಮುಚ್ಚಳ ಎದ್ದದ್ದು ಕಂಡಿತು. ನನ್ನ ಎಡಗಿವಿಯ ಪಕ್ಕ ಗಾಳಿ ಸೀಳಿಕೊಂಡು ಏನೋ ಹೋಯಿತು. ಆಚೆ ಮಾಳಿಗೆಯ ಮೇಲೆ ತಿಪ್ಪಣ್ಣನ ಡಿಶ್ ಆಂಟೆನಾ ಠಣ್ ಎಂದು ಮುರಿದು ಬಿತ್ತು. ಹಳದಿ ನೀರಿನ ಕಾರಂಜಿ ಎದ್ದು, ಅದರ ಜೊತೆ ಸೌತೆಗಳು ಆಕಾಶಕ್ಕೆ ಹೋಗಿ, ಯೋಚನೆ ಮಾಡಿದ ಹಾಗೆ ಒಂದು ಕ್ಷಣ ನಿಂತು, ಆಮೇಲೆ ಓಣಿಯ ತುಂಬ ಬಿದ್ದವು. ಕೋಳಿಗಳು ಊರು ಬಿಟ್ಟವು. ಚಿಗವ್ವ ಕಾಲು ಚಾಚಿ ಕುಳಿತಿದ್ದಳು. ನಾನು ಸ್ಟೀಲಿನ ಬಟ್ಟಲನ್ನು ತಲೆಗೆ ಕವುಚಿಕೊಂಡು ಮಲಗಿದ್ದೆ. ಅಂಗೈಯಗಲದ ಬಟ್ಟಲು ಎಷ್ಟು ಕಾಪಾಡುತ್ತದೆ ಎಂದು ಲೆಕ್ಕ ಹಾಕುವಷ್ಟು ವಿದ್ಯೆ ನನಗಿದೆ, ಆದರೆ ವ್ಯವಧಾನ ಇರಲಿಲ್ಲ.

ಕೆಳಗೆ ತಿಪ್ಪಣ್ಣ ಹೊರಗೋಡಿ ಬಂದ. "ಟೀವಿ ಹೋತಲೇ! ಇಲ್ಲಿಗೂ ಬಂತೇನು ಯುದ್ಧ?"

ಏಣಿ ಕಿರುಗುಟ್ಟಿತು. ಬಸಮ್ಮ ಮೇಲೆ ಬಂದಳು. ತಲೆಯಿಂದ ಕಾಲಿನವರೆಗೆ ಅರಿಶಿನದ ನೀರು, ಸೆರಗಿನ ಮಡಿಕೆಯಲ್ಲಿ ಒಂದು ಸೌತೆ. ಚಿಗವ್ವನ ಮುಂದೆ ಕುಳಿತು ಎರಡೂ ಕೈಯಿಂದ ಅವಳ ಮುಖ ಸವರಿ ನೋಡಿದಳು. ಕಣ್ಣು ಮುಟ್ಟಿದಳು. ಮೂಗು ಮುಟ್ಟಿದಳು. ನತ್ತು ಮುಟ್ಟಿದಳು.

"ಮಾರಿ ಐತೇನಲೇ?"

"ಐತಿ," ಎಂದಳು ಚಿಗವ್ವ, ಸಣ್ಣ ದನಿಯಲ್ಲಿ.

ಬಸಮ್ಮ ಸೆರಗಿನ ಸೌತೆ ತೆಗೆದು ಕಚ್ಚಿದಳು. ಅಗಿದಳು. ಇನ್ನಷ್ಟು ಅಗಿದಳು.

"ಉಪ್ಪು ಕಮ್ಮಿ ಆಗೈತಿ."

"ಮುಷ್ಟಿ ಮುಷ್ಟಿ ಸುರಿದೀನಿ!"

"ಮತ್ತೆಲ್ಲಿ ಹೋತು?"

"ನಿನ್ನ ತಲಿ ಮ್ಯಾಲ ಐತಿ, ನೆಕ್ಕಿ ನೋಡು."

ಇಬ್ಬರೂ ನಕ್ಕದ್ದು ಆಗ. ನಗುತ್ತಾ ನಗುತ್ತಾ ಚಿಗವ್ವ ಅಳತೊಡಗಿದಳು. ಬಸಮ್ಮ ಬೈಯುತ್ತಾ ಅವಳ ಕಣ್ಣೊರೆಸಲು ಹೋಗಿ ಕಣ್ಣಿಗೆಲ್ಲ ಖಾರದ ನೀರು ಹಚ್ಚಿದಳು. ಅದರ ಮೇಲೆ ಇನ್ನೊಂದು ಜಗಳ ಸಂಜೆಯವರೆಗೆ ನಡೆಯಿತು. ಬಟ್ಟಲು ನನ್ನ ತಲೆಯ ಮೇಲೆಯೇ ಇತ್ತು.

ಅಂದಿನಿಂದ ಕುಕ್ಕರಿನ ಸೀಟಿಗೆ ನಾನು ಅಡುಗೆಮನೆ ಬಿಟ್ಟು ಹೊರಗೆ ಬರುತ್ತೇನೆ. ತರಗತಿಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಪಾಠ ಮಾಡುತ್ತಿದ್ದಾಗ ಯಾರದೋ ಊಟದ ಡಬ್ಬಿಯ ಮುಚ್ಚಳ ಬಿದ್ದು, ನಾನು ಮೇಜಿನ ಕೆಳಗೆ ಹೋದದ್ದುಂಟು. ಮಕ್ಕಳು ನಕ್ಕರು. ಪಠ್ಯಪುಸ್ತಕದಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಬಾಣದ ಗುರುತು ಹಾಕಿರುತ್ತಾರೆ, ನೋಡಲು ಬಹಳ ಶಾಂತವಾಗಿರುತ್ತದೆ. ಆ ಬಾಣ ನನ್ನ ಕಿವಿಯ ಪಕ್ಕ ಹಾದುಹೋಗಿದೆ ಎಂದು ಅವರಿಗೆ ಹೇಗೆ ಹೇಳಲಿ?

ನನ್ನನ್ನು ಕಾಡುವುದು ಸದ್ದಲ್ಲ. ಆ ಕೂಗು ಒಂದೇ ಒಂದು ಉಸಿರು ತಡವಾಗಿದ್ದರೆ? ಬಸಮ್ಮ ಆ ಹೊತ್ತಿಗೇ ಯಾಕೆ ಕರೆದಳು? ಮನಸ್ಸು ತಡೆಯದೆ ಒಂದು ದಿನ ಕೇಳಿಯೇಬಿಟ್ಟೆ. ದೇವರು, ಅಂತಃಕರಣ, ಗೆಳೆತನದ ಎಳೆ, ಅಂಥದ್ದೇನಾದರೂ ಹೇಳುತ್ತಾಳೆಂದು ಕಾದೆ.

"ಬೈಯಾಕ ಕರೆದಿದ್ನೆವ್ವ," ಎಂದಳು. "ಡ್ರಮ್ಮಿನ ವಾಸನಿಗೆ ಉಣ್ಣಾಕ ಆಗವಲ್ದಾಗಿತ್ತು. ಏನೇನೋ ಬೈಬೇಕಂತ ಒಳಗ ಜೋಡಿಸ್ಕೊಂಡು ಬಂದಿದ್ದೆ. ಹೆಸರು ಕರೆಯೋದ್ರಾಗ ಢಂ ಅಂತು. ಬೈಗುಳ ಬಾಯಾಗ ಉಳದ್ವು."

ಹಡಗುಗಳು ಆಮೇಲೆ ಬೇರೆ ದಾರಿ ಹಿಡಿದು ಓಡಾಡಿದವು. ಕಂಪನಿಯ ಟೆಂಪೊ ಮತ್ತೆ ಬಂತು. ಚಿಗವ್ವ ಬಸ್ಸು ಹತ್ತಿ ಹಡಗಲಿಗೆ ಹೋಗಿ, ಬಸಮ್ಮನ ತವರಿನಿಂದಲೇ ಮಲ್ಲಿಗೆ ಕಡ್ಡಿ ಒದ್ದೆ ಗೋಣಿಯಲ್ಲಿ ತಂದು ಬಾವಿಯ ಪಕ್ಕ ಗುದ್ದಲಿ ಹಿಡಿದು ತಾನೇ ನೆಟ್ಟಳು. ಈಗ ಬಸಮ್ಮ ಅರ್ಧ ಮಲ್ಲಿಗೆ, ಅರ್ಧ ಸೌತೆ. ಮುಯ್ಯಾಳು ನಡೆದಿದೆ. ಹೊಸ ಬಿಲ್ಲೆಗಳು ಬಂದಿದ್ದರಿಂದ ಹಳೆಯದು ನನ್ನಲ್ಲೇ ಉಳಿಯಿತು. ಈಚೆಗೆ ಬೇರೊಂದು ದೊಡ್ಡ ದೇಶ ನಮ್ಮ ಸರಕಿನ ಮೇಲೆ ಸುಂಕ ಏರಿಸಿದೆ ಎಂದು ಕಂಪನಿಯ ಹುಡುಗ ಮತ್ತೆ ಬೈಕಿನಿಂದ ಇಳಿಯದೆ ಹೇಳಿಹೋಗಿದ್ದಾನೆ. ಚಿಗವ್ವ ಗಾಬರಿಯಾಗಲಿಲ್ಲ. ಸಾಲಾಗಿ ಜಾಡಿಗಳನ್ನು ಇಟ್ಟು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮೇಲೆ ಸಡಿಲವಾಗಿ ಮಣ್ಣಿನ ಮುಚ್ಚಳ ಇಟ್ಟಿದ್ದಾಳೆ. ಈಗ ಉಪ್ಪೂ ಸರಿಯಾಗಿರುತ್ತದೆ.

ಅಪಾಯ ಯಾವುದೂ ಉಳಿದಿಲ್ಲ. ಆದರೂ ಆ ಮನೆಯಲ್ಲಿ ಒಂದು ಹೊಸ ನೇಮ ಹುಟ್ಟಿಕೊಂಡಿದೆ. ಚಿಗವ್ವ ಯಾವ ಜಾಡಿಯ ಮುಚ್ಚಳ ತೆಗೆಯುವ ಮೊದಲೂ ಬಸಮ್ಮ ಅಂಗಳಕ್ಕೆ ಇಳಿದು ನಿಂತು ಅವಳನ್ನು ಹೆಸರು ಹಿಡಿದು ಬೈಯಬೇಕು. ಚಿಗವ್ವ ಮುಖ ತಿರುಗಿಸಿ "ಆಂ?" ಅನ್ನಬೇಕು. ಆಮೇಲೇ ಮುಚ್ಚಳ. ಮಾವಿನಕಾಯಿಗೂ ಇದೇ, ನಿಂಬೆಗೂ ಇದೇ. ಸೊಸೆಯಂದಿರು ಮೊದಲು ನಕ್ಕರು, ಈಗ ಅವರೇ "ಅತ್ತಿ, ಬಸಮ್ಮತ್ತಿನ ಕರೀಲೇನು?" ಎಂದು ಕೇಳುತ್ತಾರೆ.

ಮೊನ್ನೆ ಭಾನುವಾರ ಹೋಗಿದ್ದೆ. ಹೊಸ ಜಾಡಿ ತೆಗೆಯುವ ದಿನ. ನಾನು ರೂಢಿಯಂತೆ ಮಾಳಿಗೆಯ ತೀರಾ ಆಚೆ ಮೂಲೆಯಲ್ಲಿ, ಬಟ್ಟಲು ಎದೆಗೆ ಹಿಡಿದು ಕುಳಿತೆ. ಚಿಗವ್ವ ಮುಚ್ಚಳದ ಮೇಲೆ ಕೈ ಇಟ್ಟು ಕಾದಳು. ಕೆಳಗಿನಿಂದ ಏನೂ ಬರಲಿಲ್ಲ.

"ಬಸೀ, ಅದೀಯೇನಲೇ?"

"ಅದೀನಿ."

"ಬೈ ಮತ್ತ!"

ಮಲ್ಲಿಗೆ ಪೋಣಿಸುತ್ತಿದ್ದಳೋ ಏನೋ, ಘಮ ಮಾತ್ರ ಮೇಲೆ ಬರುತ್ತಿತ್ತು.

"ಇರಲೇ," ಎಂದಳು ಬಸಮ್ಮ ಕೆಳಗಿನಿಂದ, ಸ್ವಲ್ಪ ಕಷ್ಟದಲ್ಲಿದ್ದವಳ ಹಾಗೆ. "ಮುಂಜಾನಿಂದ ನೋಡಾಕತ್ತೀನಿ, ಇವತ್ತ್ಯಾಕೋ ನಿನ್ನ ಮ್ಯಾಲ ಸಿಟ್ಟ ಬರವಲ್ದು."

ಚಿಗವ್ವ ಮುಚ್ಚಳ ತೆಗೆಯಲಿಲ್ಲ. "ಬರಲಿ ಬಿಡು, ಎಲ್ಲಿಗೆ ಹೋಗ್ತೈತಿ," ಎಂದು ಜಾಡಿಯ ಪಕ್ಕ ಕುಳಿತಳು. ನಾನೂ ಮೂಲೆ ಬಿಟ್ಟು ಸ್ವಲ್ಪ ಹತ್ತಿರ ಸರಿದೆ. ಬಿಸಿಲಿನಲ್ಲಿ ಮೂವರೂ ಸಿಟ್ಟಿಗೆ ಕಾಯುತ್ತಾ ಕುಳಿತೆವು.